ಚಿತ್ತವಿಕಲತೆ: ಔಷಧದ ಜೊತೆಗೆ ಬೇಕಾದ ಆರೈಕೆ

ಜ್ವರ ಇಳಿದ ಮೇಲೆ ಮನುಷ್ಯನು ನಾಲ್ಕು ದಿನ ನಿಶ್ಶಕ್ತನಾಗಿರುತ್ತಾನೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಕಾಲಿನ ಮೂಳೆ ಮುರಿದವನು ಕಟ್ಟು ಬಿಚ್ಚಿದ ಮರುದಿನವೇ ಹೊಲಕ್ಕೆ ಹೋಗಿ ದುಡಿಯಬೇಕೆಂದು ಯಾರೂ ಬಯಸುವುದಿಲ್ಲ. ಆದರೆ ಮನಸ್ಸಿನ ತೀವ್ರ ರೋಗದಿಂದ ಚೇತರಿಸಿಕೊಳ್ಳುತ್ತಿರುವವರ ವಿಷಯದಲ್ಲಿ ಈ ತಾಳ್ಮೆ ನಮಗಿರುವುದಿಲ್ಲ. "ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ, ಕೂಗಾಟ ನಿಂತಿದೆ, ರಾತ್ರಿ ನಿದ್ದೆಯೂ ಬರುತ್ತಿದೆ. ಆದರೂ ದಿನವಿಡೀ ಮೂಲೆಯಲ್ಲಿ ಕುಳಿತಿರುತ್ತಾನೆ, ಒಂದು ಕೆಲಸಕ್ಕೂ ಕೈ ಹಾಕುವುದಿಲ್ಲ. ಇದು ರೋಗವೋ, ಸೋಮಾರಿತನವೋ?" ಎಂದು ಮನೆಯವರು ಕೇಳುತ್ತಾರೆ.

ಸ್ಕಿಜೋಫ್ರೇನಿಯಾ ಅಥವಾ ಚಿತ್ತವಿಕಲತೆಯಿಂದ ಬಾಧಿತರಾದವರ ತಂದೆತಾಯಿಗಳು ಮನೋವೈದ್ಯರ ಮುಂದೆ ಮತ್ತೆ ಮತ್ತೆ ಇಡುವ ಪ್ರಶ್ನೆಯಿದು. ಇದು ಸೋಮಾರಿತನವಲ್ಲ, ಅದೇ ರೋಗದ ಇನ್ನೊಂದು ಮುಖ. ಈ ಮುಖದ ಮೇಲೆ ಔಷಧದ ಪ್ರಭಾವ ಅಲ್ಪ. ಇಲ್ಲಿ ಫಲ ಕೊಡುವುದು ಮನೆಯವರ ತಾಳ್ಮೆ, ಕ್ರಮಬದ್ಧವಾದ ದಿನಚರಿ ಮತ್ತು ಕೈಗೊಂದು ಕೆಲಸ. ಇದನ್ನೇ ವೈದ್ಯಶಾಸ್ತ್ರವು ಪುನರ್ವಸತಿ ಎಂದು ಕರೆಯುತ್ತದೆ. ಚಿಕಿತ್ಸೆ ಮತ್ತು ಪುನರ್ವಸತಿಗಳು ಬಂಡಿಗೆ ಕಟ್ಟಿದ ಜೋಡೆತ್ತುಗಳಿದ್ದಂತೆ. ಇವೆರಡರ ಪರಿಚಯವನ್ನು ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ರೋಗದ ಸ್ವರೂಪ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು ೩೦೦ ಜನರಲ್ಲಿ ಒಬ್ಬರಿಗೆ ಈ ರೋಗವಿದೆ. ಬಡವ ಬಲ್ಲಿದ, ಅಕ್ಷರಸ್ಥ ಅನಕ್ಷರಸ್ಥ ಎಂಬ ಭೇದ ಇದಕ್ಕಿಲ್ಲ. ಸಾಮಾನ್ಯವಾಗಿ ಇದು ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರಿಂದ ಮೂವತ್ತರ ನಡುವೆ ಕಾಣಿಸಿಕೊಳ್ಳುತ್ತದೆ. ಗಂಡಸರಲ್ಲಿ ಸ್ವಲ್ಪ ಬೇಗ, ಹೆಂಗಸರಲ್ಲಿ ಕೆಲವು ವರ್ಷ ತಡವಾಗಿ ಆರಂಭವಾಗುವುದುಂಟು. ಓದು ಮುಗಿಯಬೇಕಾದ, ದುಡಿಮೆ ತೊಡಗಬೇಕಾದ, ಸಂಸಾರ ಕಟ್ಟಬೇಕಾದ ವಯಸ್ಸಿನಲ್ಲೇ ಇದು ಎರಗುವುದರಿಂದ ಇಡೀ ಮನೆತನ ತತ್ತರಿಸುತ್ತದೆ.

ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಗನ್ ಬ್ಲಾಯ್ಲರ್ ೧೯೦೮ರಲ್ಲಿ ಈ ರೋಗಕ್ಕೆ ಸ್ಕಿಜೋಫ್ರೇನಿಯಾ ಎಂಬ ಹೆಸರನ್ನಿಟ್ಟರು. ಗ್ರೀಕ್ ಮೂಲದ ಈ ಪದಕ್ಕೆ ಒಡೆದ ಮನಸ್ಸು ಎಂದರ್ಥ. ಇದರಿಂದಾಗಿ ಒಬ್ಬರೊಳಗೆ ಇಬ್ಬರು ವ್ಯಕ್ತಿಗಳಿರುತ್ತಾರೆಂಬ ತಪ್ಪು ಕಲ್ಪನೆ ಹುಟ್ಟಿಕೊಂಡಿತು. ಬ್ಲಾಯ್ಲರ್ ಹೇಳಿದ್ದು ಬೇರೆಯೇ. ಆಲೋಚನೆ, ಭಾವನೆ ಮತ್ತು ನಡವಳಿಕೆಗಳ ನಡುವಿನ ಹೊಂದಾಣಿಕೆ ಕಡಿದುಹೋಗುತ್ತದೆ ಎಂಬುದು ಅವರ ಅಭಿಪ್ರಾಯವಾಗಿತ್ತು.

ಇದಕ್ಕೆ ಯಾರ ಶಾಪವೂ, ಮಾಟವೂ, ತಾಯಿ ಬೆಳೆಸಿದ ರೀತಿಯೂ ಕಾರಣವಲ್ಲ. ಮಿದುಳಿನ ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮಿನ್ ಮೊದಲಾದ ರಾಸಾಯನಿಕಗಳ ಕಾರ್ಯದಲ್ಲಿ ಏರುಪೇರಾಗಿರುತ್ತದೆ. ಅನುವಂಶೀಯತೆಯ ಪಾತ್ರವೂ ಇದೆ. ತಂದೆ ಅಥವಾ ತಾಯಿಗೆ ಈ ರೋಗವಿದ್ದರೆ ಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಬರಬಹುದು. ಉಳಿದ ಒಂಬತ್ತು ಮಂದಿಗೆ ಬರುವುದಿಲ್ಲ ಎಂಬುದನ್ನೂ ಜೊತೆಯಲ್ಲೇ ನೆನಪಿಡಬೇಕು. ಹರೆಯದಲ್ಲಿ ಗಾಂಜಾ ಸೇವನೆಯು ಈ ರೋಗದ ಸಂಭವವನ್ನು ಹೆಚ್ಚಿಸುತ್ತದೆ.

ಕಾಣುವ ಲಕ್ಷಣ, ಕಾಣದ ಲಕ್ಷಣ

ಈ ರೋಗದ ಲಕ್ಷಣಗಳಲ್ಲಿ ಮೂರು ಬಗೆ. ಮೊದಲನೆಯದು ಎಲ್ಲರ ಕಣ್ಣಿಗೆ ಬೀಳುವಂಥದು. ಯಾರೂ ಇಲ್ಲದಿದ್ದರೂ ಕಿವಿಯಲ್ಲಿ ಮಾತು ಕೇಳಿಸುತ್ತದೆ. ಆ ಧ್ವನಿಗಳು ಬೈಯಬಹುದು, ಆಜ್ಞೆ ಮಾಡಬಹುದು. ನೆರೆಯವರು ಊಟದಲ್ಲಿ ವಿಷ ಬೆರೆಸುತ್ತಿದ್ದಾರೆ, ಯಾರೋ ಸದಾ ಹಿಂಬಾಲಿಸುತ್ತಿದ್ದಾರೆ ಎಂಬಂತಹ ಆಧಾರವಿಲ್ಲದ ಗಟ್ಟಿ ನಂಬಿಕೆಗಳು ಬೇರೂರುತ್ತವೆ. ಮಾತು ಒಂದಕ್ಕೊಂದು ಸಂಬಂಧವಿಲ್ಲದಂತೆ ಹರಿಯುತ್ತದೆ. ಬಾಧಿತರಿಗೆ ಈ ಅನುಭವಗಳು ನಮಗೆ ಈ ಪುಟ ಕಾಣುವಷ್ಟೇ ಸತ್ಯವಾಗಿರುತ್ತವೆ. ಆದ್ದರಿಂದ ವಾದ ಮಾಡಿ ಅವನ್ನು ಅಳಿಸಲಾಗದು.

ಎರಡನೆಯ ಬಗೆಯ ಲಕ್ಷಣಗಳು ಸದ್ದಿಲ್ಲದೆ ಬರುತ್ತವೆ. ಮಾತು ಕಡಿಮೆಯಾಗುತ್ತದೆ, ಮುಖದಲ್ಲಿ ಭಾವ ಕಾಣದು, ಸ್ನಾನಮಾಡುವ, ಬಟ್ಟೆ ಬದಲಿಸುವ ಮನಸ್ಸಾಗುವುದಿಲ್ಲ, ಬಂಧುಬಳಗ ಬೇಡವೆನಿಸುತ್ತದೆ. ಇಚ್ಛಾಶಕ್ತಿಯೇ ಬತ್ತಿದಂತಾಗಿರುತ್ತದೆ. ಮೂರನೆಯದು ಗಮನ, ಜ್ಞಾಪಕಶಕ್ತಿ ಮತ್ತು ಯೋಜನಾಸಾಮರ್ಥ್ಯಗಳಲ್ಲಿ ಉಂಟಾಗುವ ಕೊರತೆ. ಅಂಗಡಿಯಿಂದ ನಾಲ್ಕು ಸಾಮಾನು ತರಲು ಹೇಳಿದರೆ ಎರಡನ್ನು ಮರೆತು ಬರುವುದು ಇದರ ಫಲ.

ಔಷಧಗಳು ಮೊದಲ ಬಗೆಯ ಲಕ್ಷಣಗಳನ್ನು ಚೆನ್ನಾಗಿ ಹತೋಟಿಗೆ ತರುತ್ತವೆ. ಉಳಿದೆರಡು ಬಗೆಗಳು ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಮನೆಯವರು ಸೋಮಾರಿತನವೆಂದು ತಿಳಿದು ಗದರಿಸುವುದು ಇವನ್ನೇ. ಕೆಲವು ವೇಳೆ ಔಷಧದ ಮಂಪರು ಅಥವಾ ಖಿನ್ನತೆಯಿಂದಲೂ ಇಂಥ ಜಡತೆ ಬರುವುದರಿಂದ ಅದನ್ನು ವೈದ್ಯರ ಗಮನಕ್ಕೆ ತರುವುದು ಅಗತ್ಯ.

ಔಷಧ ಚಿಕಿತ್ಸೆ

೧೯೫೨ರಲ್ಲಿ ಪ್ಯಾರಿಸ್ಸಿನ ಮನೋವೈದ್ಯರಾದ ಝಾನ್ ಡಿಲೇ ಮತ್ತು ಪಿಯರ್ ಡೆನಿಕರ್ ಅವರು ಕ್ಲೋರ್‌ಪ್ರೊಮಜಿನ್ ಎಂಬ ಔಷಧದ ಪರಿಣಾಮವನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಬಾಧಿತರಲ್ಲಿ ಅನೇಕರು ಆಸ್ಪತ್ರೆಯ ಗೋಡೆಗಳೊಳಗೇ ಬಾಳು ಸವೆಸುತ್ತಿದ್ದರು. ಈ ಔಷಧ ಬಂದ ಮೇಲೆ ಅಂಥವರು ಮನೆಗೆ ಹಿಂದಿರುಗುವುದು ಸಾಧ್ಯವಾಯಿತು. ಇಂದು ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ಓಲಾಂಜಪಿನ್ ಮೊದಲಾದ ಹಲವು ಔಷಧಗಳು ಬಳಕೆಯಲ್ಲಿವೆ. ಯಾವುದು ಯಾರಿಗೆ ಒಗ್ಗುತ್ತದೆ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಎರಡು ಔಷಧಗಳನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ಕಾಲ ಕೊಟ್ಟರೂ ಗುಣ ಕಾಣದಿದ್ದಾಗ ಕ್ಲೋಜಪಿನ್ ಎಂಬ ಔಷಧವನ್ನು ಬಳಸುತ್ತಾರೆ. ಅದು ಪರಿಣಾಮಕಾರಿಯಾದುದಾದರೂ ರಕ್ತದ ಬಿಳಿಕಣಗಳನ್ನು ಕುಗ್ಗಿಸುವ ಸಂಭವವಿರುವುದರಿಂದ ನಿಯಮಿತವಾಗಿ ರಕ್ತಪರೀಕ್ಷೆ ಮಾಡಿಸಬೇಕಾಗುತ್ತದೆ.

ಈ ಔಷಧಗಳು ನೋವಿನ ಮಾತ್ರೆಯಂತೆ ಗಂಟೆಯೊಳಗೆ ಫಲ ಕೊಡುವಂಥವಲ್ಲ. ಪೂರ್ಣ ಪರಿಣಾಮ ಕಾಣಲು ಕೆಲವು ವಾರಗಳೇ ಬೇಕು. ನಾಲ್ಕು ದಿನ ನೋಡಿ ವೈದ್ಯರನ್ನು ಬದಲಾಯಿಸುವುದರಿಂದ ಪ್ರಯೋಜನವಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಗುಣ ಕಂಡೊಡನೆ ಮಾತ್ರೆ ನಿಲ್ಲಿಸುವುದು. ನಿಲ್ಲಿಸಿದ ಮರುದಿನ ಏನೂ ಆಗುವುದಿಲ್ಲ, ಮರುವಾರವೂ ಏನೂ ಆಗದಿರಬಹುದು. ಇದರಿಂದ ಮಾತ್ರೆ ಬೇಕಿರಲಿಲ್ಲವೆಂಬ ಧೈರ್ಯ ಹುಟ್ಟುತ್ತದೆ. ಆದರೆ ತಿಂಗಳುಗಳ ಬಳಿಕ ರೋಗ ಮರುಕಳಿಸುತ್ತದೆ. ಪ್ರತಿ ಬಾರಿ ಮರುಕಳಿಸಿದಾಗಲೂ ಚೇತರಿಕೆ ಮೊದಲಿಗಿಂತ ಕಷ್ಟವಾಗಬಹುದು. ಮೊದಲ ಸಲ ರೋಗ ಬಂದವರಿಗೂ ಗುಣವಾದ ಮೇಲೆ ಕನಿಷ್ಠ ಒಂದೆರಡು ವರ್ಷ ಔಷಧವನ್ನು ಮುಂದುವರಿಸುವುದು ರೂಢಿ. ಮರುಕಳಿಸಿದವರಿಗೆ ಇನ್ನೂ ಹೆಚ್ಚು ಕಾಲ, ಕೆಲವರಿಗೆ ಜೀವನಪರ್ಯಂತ ಬೇಕಾಗಬಹುದು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನಿತ್ಯವೂ ತೆಗೆದುಕೊಳ್ಳುವುದು ನಮಗೆ ಅವಮಾನವೆನಿಸದು. ಇದೂ ಹಾಗೆಯೇ. ಉಪವಾಸ, ವ್ರತ, ಜಾತ್ರೆ, ಯಾತ್ರೆಗಳ ದಿನಗಳಲ್ಲಿಯೂ ಔಷಧ ತಪ್ಪಬಾರದು.

ಅಡ್ಡಪರಿಣಾಮಗಳಿಲ್ಲವೆಂದಲ್ಲ. ಕೈ ನಡುಗುವುದು, ಸ್ನಾಯು ಬಿಗಿಯುವುದು, ಮಂಪರು, ತೂಕ ಏರುವುದು, ರಕ್ತದಲ್ಲಿ ಸಕ್ಕರೆಯ ಅಂಶ ಹೆಚ್ಚುವುದು ಇವು ಕಾಣಿಸಬಹುದು. ಇವುಗಳಿಗೆಲ್ಲ ಉಪಾಯಗಳಿವೆ. ಪ್ರಮಾಣವನ್ನು ತಗ್ಗಿಸಬಹುದು, ಔಷಧವನ್ನು ಬದಲಿಸಬಹುದು. ಅದನ್ನು ವೈದ್ಯರು ಮಾಡಬೇಕೇ ಹೊರತು ಮನೆಯವರು ತಾವೇ ಮಾಡಬಾರದು. ನಿತ್ಯ ಮಾತ್ರೆ ನುಂಗಲು ಒಪ್ಪದವರಿಗೆ ಎರಡು ವಾರಕ್ಕೊಮ್ಮೆ ಅಥವಾ ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದುಗಳೂ ಇವೆ. ತೀರ ಉಲ್ಬಣಾವಸ್ಥೆಯಲ್ಲಿ ಕೆಲವರಿಗೆ ವಿದ್ಯುತ್ ಕಂಪನ ಚಿಕಿತ್ಸೆಯನ್ನು ಸೂಚಿಸುತ್ತಾರೆ. ಅರಿವಳಿಕೆ ಕೊಟ್ಟು ಮಾಡುವ ಈ ಚಿಕಿತ್ಸೆಗೆ ಜನ ಅಂಜುವಷ್ಟು ಕಾರಣವಿಲ್ಲ.

ಯೋಗಾಭ್ಯಾಸದ ಬಗೆಗೆ ಭಕ್ತರು ಕೇಳುವುದುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನಡೆದ ಅಧ್ಯಯನಗಳಲ್ಲಿ, ಔಷಧದ ಜೊತೆಗೆ ಯೋಗಾಭ್ಯಾಸ ಮಾಡಿದವರಲ್ಲಿ ಜಡತೆ ತಗ್ಗಿ ಜನರೊಡನೆ ಬೆರೆಯುವ ಗುಣ ಹೆಚ್ಚಿದುದು ಕಂಡುಬಂದಿದೆ. ಇಲ್ಲಿ ‘ಔಷಧದ ಜೊತೆಗೆ’ ಎಂಬ ಮಾತು ಮುಖ್ಯ. ಗಂಟೆಗಟ್ಟಲೆ ಏಕಾಂತದಲ್ಲಿ ಮಾಡುವ ತೀವ್ರ ಧ್ಯಾನವು ಕೆಲವರಲ್ಲಿ ಭ್ರಮೆಗಳನ್ನು ಕೆರಳಿಸಬಹುದಾದ್ದರಿಂದ ವೈದ್ಯರನ್ನು ಕೇಳದೆ ಅದನ್ನು ತೊಡಗಬಾರದು.

ವಿಳಂಬವೇ ದೊಡ್ಡ ಹಾನಿ

ಮೊದಲ ಲಕ್ಷಣ ಕಂಡುದಕ್ಕೂ ಚಿಕಿತ್ಸೆ ಆರಂಭವಾದುದಕ್ಕೂ ನಡುವಿನ ಅವಧಿ ಕಡಿಮೆಯಾದಷ್ಟೂ ಫಲ ಹೆಚ್ಚು. ನಮ್ಮಲ್ಲಿ ಈ ಅವಧಿ ತಾಯಿತ ಕಟ್ಟಿಸುವುದರಲ್ಲಿ, ಕಣಿ ಕೇಳುವುದರಲ್ಲಿ ಕಳೆದುಹೋಗುತ್ತದೆ. ದೇವರ ಸನ್ನಿಧಿಯಲ್ಲಿ ಸಮಾಧಾನ ಕೇಳುವುದಕ್ಕೂ ವೈದ್ಯರಲ್ಲಿ ಚಿಕಿತ್ಸೆ ಪಡೆಯುವುದಕ್ಕೂ ವಿರೋಧವಿಲ್ಲ. ಒಂದಕ್ಕಾಗಿ ಇನ್ನೊಂದನ್ನು ಮುಂದೂಡುವುದೇ ತಪ್ಪು.

ಇನ್ನೊಂದು ತಪ್ಪು, ಮದುವೆ ಮಾಡಿದರೆ ಸರಿಹೋಗುತ್ತದೆಂಬ ನಂಬಿಕೆ. ವಿಷಯವನ್ನು ಮುಚ್ಚಿಟ್ಟು ಮದುವೆ ಮಾಡುತ್ತಾರೆ. ಗುಟ್ಟು ತಿಳಿಯಬಾರದೆಂದು ಮದುವೆಯ ವೇಳೆಗೆ ಮಾತ್ರೆಯನ್ನೂ ನಿಲ್ಲಿಸುತ್ತಾರೆ. ನಿದ್ದೆಗೆಟ್ಟ ರಾತ್ರಿಗಳು, ಹೊಸ ಮನೆಯ ಒತ್ತಡ, ಔಷಧವಿಲ್ಲದ ದೇಹ ಈ ಮೂರೂ ಕೂಡಿ ರೋಗ ಮರುಕಳಿಸುತ್ತದೆ. ಎರಡು ಮನೆತನಗಳು ನೋಯುತ್ತವೆ. ರೋಗ ಹತೋಟಿಯಲ್ಲಿದ್ದು, ಎದುರಿನವರಿಗೆ ಎಲ್ಲವನ್ನೂ ತಿಳಿಸಿ, ವೈದ್ಯರ ಸಲಹೆ ಪಡೆದು ಮಾಡಿದ ಮದುವೆಗಳು ಉಳಿದು ಬಾಳಿದ ನಿದರ್ಶನಗಳಿವೆ. ಆದರೆ ಮದುವೆಯೇ ಮದ್ದಲ್ಲ.

ಪುನರ್ವಸತಿ ಎಂದರೇನು?

ರೋಗದಿಂದ ಕಳೆದುಹೋದ ಬಾಳಿನ ಕೌಶಲಗಳನ್ನು ಒಂದೊಂದಾಗಿ ಮರಳಿ ಕಲಿಸಿ, ವ್ಯಕ್ತಿಗೆ ಮನೆಯಲ್ಲಿಯೂ ಸಮಾಜದಲ್ಲಿಯೂ ಒಂದು ಸ್ಥಾನ ಒದಗಿಸುವುದೇ ಪುನರ್ವಸತಿ. ಇದಕ್ಕೆ ದೊಡ್ಡ ಕಟ್ಟಡವೇ ಬೇಕೆಂದಿಲ್ಲ. ಒಂದು ರೈತ ಕುಟುಂಬವನ್ನು ಉದಾಹರಣೆಗಾಗಿ ಊಹಿಸಿಕೊಳ್ಳೋಣ. ಮನೆಯ ಮಗನಿಗೆ ಇಪ್ಪತ್ನಾಲ್ಕು ವರ್ಷ. ಆಸ್ಪತ್ರೆಯಿಂದ ಬಂದು ಎರಡು ತಿಂಗಳಾಗಿದೆ. ಮೊದಲ ವಾರ ಅವನಿಂದ ನಿರೀಕ್ಷಿಸಬೇಕಾದುದು ಒಂದೇ: ಬೆಳಿಗ್ಗೆ ಗೊತ್ತಾದ ಹೊತ್ತಿಗೆ ಎದ್ದು ಮುಖ ತೊಳೆಯುವುದು. ಅದು ರೂಢಿಯಾದ ಮೇಲೆ ನಿತ್ಯ ಸ್ನಾನ. ಅನಂತರ ದನಕ್ಕೆ ನೀರು ಕುಡಿಸುವ ಕೆಲಸ. ಮೊದಮೊದಲು ತಂದೆ ಜೊತೆಗಿದ್ದು, ಆಮೇಲೆ ಅವನೊಬ್ಬನೇ. ತಿಂಗಳೊಪ್ಪತ್ತಿನ ಬಳಿಕ ಡೇರಿಗೆ ಹಾಲು ಹಾಕಿ ಬರುವುದು. ಅಲ್ಲಿ ನಾಲ್ಕು ಜನರ ಮುಖ ನೋಡಬೇಕು, ಲೆಕ್ಕದ ಪುಸ್ತಕದಲ್ಲಿ ಬರೆಸಿಕೊಳ್ಳಬೇಕು. ಇದರಲ್ಲಿ ಗಮನ, ಲೆಕ್ಕ, ಮಾತು ಮೂರಕ್ಕೂ ಅಭ್ಯಾಸವಿದೆ. ಬಟವಾಡೆಯ ದಿನ ಅವನ ಪಾಲಿನ ಸ್ವಲ್ಪ ಹಣವನ್ನು ಅವನ ಕೈಗೇ ಕೊಡಬೇಕು. ನಾನೂ ದುಡಿದೆ ಎಂಬ ಭಾವನೆಯನ್ನು ಯಾವ ಮಾತ್ರೆಯೂ ಕೊಡಲಾರದು.

ಈ ಕ್ರಮದಲ್ಲಿ ಪಾಲಿಸಬೇಕಾದ ನಿಯಮಗಳು ಸರಳವಾಗಿವೆ. ಒಂದು ಸಲಕ್ಕೆ ಒಂದೇ ಕೆಲಸ ಹೇಳಬೇಕು. ದೊಡ್ಡ ಕೆಲಸವನ್ನು ತುಂಡುಮಾಡಿ ಹೇಳಬೇಕು. ಮಾಡಿದಾಗ ಒಂದು ಒಳ್ಳೆಯ ಮಾತು ಆಡಬೇಕು. ಮಾಡದ ದಿನ ಹಂಗಿಸದೆ ಮರುದಿನ ಮತ್ತೆ ಕರೆಯಬೇಕು. ಅಣ್ಣತಮ್ಮಂದಿರೊಡನೆ ಹೋಲಿಸಬಾರದು. ನಿದ್ದೆಗೆಡಿಸುವ ರಾತ್ರಿಪಾಳಿಯ ಕೆಲಸ ಬೇಡ. ಮದ್ಯ ಮತ್ತು ಗಾಂಜಾ ಪೂರ್ಣವಾಗಿ ವರ್ಜ್ಯ. ಚೇತರಿಕೆಯನ್ನು ವಾರಗಳಲ್ಲಿ ಅಳೆಯದೆ ವರ್ಷಗಳಲ್ಲಿ ಅಳೆಯಬೇಕು.

ಮನೆಯ ಮಾತಿನ ಶಕ್ತಿ

ಮನೆಯವರ ಮಾತು ಈ ರೋಗದಲ್ಲಿ ಎಷ್ಟು ಮುಖ್ಯವೆಂಬುದಕ್ಕೆ ವೈಜ್ಞಾನಿಕ ಆಧಾರವಿದೆ. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜವಿಜ್ಞಾನಿ ಮತ್ತು ಅವರ ಸಂಗಡಿಗರು ೧೯೫೦ರ ದಶಕದಿಂದ ನಡೆಸಿದ ಅಧ್ಯಯನಗಳಲ್ಲಿ ಒಂದು ಸಂಗತಿ ಹೊರಬಿತ್ತು. ಆಸ್ಪತ್ರೆಯಿಂದ ಮನೆಗೆ ಮರಳಿದವರ ಪೈಕಿ ಸದಾ ಟೀಕೆ, ಹಗೆತನ ಅಥವಾ ಉಸಿರುಗಟ್ಟಿಸುವಷ್ಟು ಅತಿಯಾದ ಕಾಳಜಿ ಇರುವ ಮನೆಗಳಿಗೆ ಹೋದವರಲ್ಲಿ ರೋಗ ಹೆಚ್ಚಾಗಿ ಮರುಕಳಿಸಿತು. ಇದರಿಂದ ಮನೆಯವರೇ ರೋಗಕ್ಕೆ ಕಾರಣವೆಂದು ತಿಳಿಯಬಾರದು. ರೋಗವನ್ನು ಅವರು ತಂದಿಲ್ಲ, ಆದರೆ ಅದು ಮತ್ತೆ ಬಾರದಂತೆ ನೋಡಿಕೊಳ್ಳುವ ಶಕ್ತಿ ಅವರಿಗಿದೆ.

ನಮ್ಮ ದೇಶದಲ್ಲಿ ಕುಟುಂಬದ ಈ ಶಕ್ತಿಯನ್ನು ಮೊದಲೇ ಗುರುತಿಸಿದವರು ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್. ೧೯೫೦ರ ದಶಕದಲ್ಲಿ ಅವರು ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳೊಡನೆ ಬಂಧುಗಳನ್ನೂ ಉಳಿಸಿಕೊಂಡು ಚಿಕಿತ್ಸೆ ನೀಡಿದರು. ಬಂಧುಗಳು ರೋಗವನ್ನು ಅರಿತರು, ಅಂಜಿಕೆ ಬಿಟ್ಟರು, ರೋಗಿಗಳು ಬೇಗ ಮನೆಗೆ ಮರಳಿದರು.

ಭ್ರಮೆಯ ಮಾತು ಬಂದಾಗ ಅದನ್ನು ಹೌದೆನ್ನುವುದೂ ಬೇಡ, ಅಲ್ಲವೆಂದು ಜಗಳವಾಡುವುದೂ ಬೇಡ. "ನಿನಗೆ ಹಾಗೆ ಕೇಳಿಸುತ್ತಿರಬಹುದು, ನನಗೆ ಕೇಳಿಸುತ್ತಿಲ್ಲ. ನಿನಗೆ ಭಯವಾಗುತ್ತಿದೆಯೆಂದು ತಿಳಿಯುತ್ತದೆ, ನಾನು ಜೊತೆಗಿದ್ದೇನೆ" ಎಂಬ ಮಾತು ಸಾಕು. ನಿದ್ದೆ ಕಡಿಮೆಯಾಗುವುದು, ಸಂಶಯ ಹೆಚ್ಚುವುದು, ತನ್ನಷ್ಟಕ್ಕೆ ಗೊಣಗುವುದು, ಊಟ ನಿರಾಕರಿಸುವುದು ಇವು ರೋಗ ಮರುಕಳಿಸುವ ಮುನ್ಸೂಚನೆಗಳು. ಇವು ಕಂಡೊಡನೆ ಮುಂದಿನ ಸರದಿಗೆ ಕಾಯದೆ ವೈದ್ಯರನ್ನು ಕಾಣಬೇಕು. ಸಾಯುವ ಮಾತನ್ನಾಡಿದರೆ ಅದನ್ನು ಎಂದಿಗೂ ಹಗುರಾಗಿ ಕಾಣಬಾರದು. ಒಬ್ಬರನ್ನೇ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ನಾಡಿನ ಅನುಭವ, ಸರ್ಕಾರದ ನೆರವು

ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವಲ್ಲಿ ಕರ್ನಾಟಕವು ದೇಶಕ್ಕೆ ಮಾದರಿಯಾಗಿದೆ. ೧೯೮೦ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ ೧೯೯೬ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ೨೦೦೫ರಿಂದ ಅದೇ ಸಂಸ್ಥೆಯು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಚಿತ್ತವಿಕಲತೆಯಿಂದ ಬಾಧಿತರಾದವರನ್ನು ಊರೂರಲ್ಲಿ ಗುರುತಿಸಿ, ಅವರಿದ್ದಲ್ಲಿಯೇ ಚಿಕಿತ್ಸೆ ದೊರಕುವಂತೆ ಮಾಡಿತು. ವರ್ಷಗಟ್ಟಲೆ ಚಿಕಿತ್ಸೆಯಿಲ್ಲದೆ ಉಳಿದಿದ್ದವರಲ್ಲಿಯೂ ಔಷಧ ಆರಂಭಿಸಿದ ಮೇಲೆ ಅಸಾಮರ್ಥ್ಯ ಗಣನೀಯವಾಗಿ ತಗ್ಗಿತೆಂಬುದು ಅಲ್ಲಿ ಕಂಡುಬಂದ ಸತ್ಯ. ತಡವಾಯಿತೆಂದು ಕೈಚೆಲ್ಲಿದ ಕುಟುಂಬಗಳು ಇದನ್ನು ಗಮನಿಸಬೇಕು.

ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದ ದಿನಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ತಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆಂಬುದನ್ನು ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಬಹುದು. ಚೇತರಿಸಿಕೊಳ್ಳುತ್ತಿರುವವರು ಹಗಲಿನಲ್ಲಿ ಬಂದು ಕೆಲಸ ಕಲಿತು ಸಂಜೆ ಮನೆಗೆ ಮರಳಲು ಜಿಲ್ಲೆಗಳಲ್ಲಿ ಮಾನಸಧಾರ ಎಂಬ ಹೆಸರಿನ ಹಗಲು ಆರೈಕೆ ಕೇಂದ್ರಗಳ ಯೋಜನೆಯಿದೆ. ಧಾರವಾಡದ ಡಿಮ್ಹಾನ್ಸ್ ಉತ್ತರ ಕರ್ನಾಟಕದವರಿಗೆ ಹತ್ತಿರದ ದೊಡ್ಡ ಸಂಸ್ಥೆ. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ ೧೪೪೧೬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿಯೇ ಮಾತನಾಡಬಹುದು.

೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ಗುರುತಿಸಿದ ೨೧ ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ವೈಕಲ್ಯವು ಶೇ. ೪೦ ಅಥವಾ ಅದಕ್ಕಿಂತ ಹೆಚ್ಚೆಂದು ವೈದ್ಯಕೀಯ ಪ್ರಮಾಣಪತ್ರ ದೊರೆತರೆ ಮಾಸಾಶನ ಮೊದಲಾದ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸಬಹುದು. ಸಂಕೋಚದಿಂದ ಇದನ್ನು ಬಿಟ್ಟುಕೊಡಬೇಕಾಗಿಲ್ಲ.

ಸರಪಳಿ ಬೇಡ

೨೦೦೧ರ ಆಗಸ್ಟ್ ೬ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನಿರಿಸಿದ್ದ ಒಂದು ಗುಡಿಸಲಿಗೆ ಬೆಂಕಿ ಬಿದ್ದಿತು. ಸರಪಳಿಯಿಂದ ಬಿಗಿದಿದ್ದುದರಿಂದ ಓಡಲಾಗದೆ ೨೮ ಜನ ಪ್ರಾಣ ಕಳೆದುಕೊಂಡರು. ೨೦೧೮ರ ಮೇ ೨೯ರಿಂದ ಜಾರಿಯಲ್ಲಿರುವ ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮನೋರೋಗಿಗಳನ್ನು ಯಾವುದೇ ರೀತಿಯಲ್ಲಿ ಸರಪಳಿಯಲ್ಲಿ ಬಂಧಿಸುವುದನ್ನು ನಿಷೇಧಿಸಿದೆ. ಘನತೆಯಿಂದ ಬಾಳುವ, ಸಮಾಜದ ನಡುವೆಯೇ ವಾಸಿಸುವ, ತನ್ನ ಚಿಕಿತ್ಸೆಯ ಬಗ್ಗೆ ಮುಂಚಿತವಾಗಿಯೇ ಇಚ್ಛೆಯನ್ನು ಬರೆದಿಡುವ ಹಕ್ಕು ಬಾಧಿತರಿಗಿದೆ ಎಂದು ಅದು ಸಾರಿದೆ.

ಈ ರೋಗದವರೆಲ್ಲರೂ ಹೊಡೆಯುತ್ತಾರೆ, ಬಡಿಯುತ್ತಾರೆ ಎಂಬ ಭಯವೂ ನಿಜವಲ್ಲ. ಬಹುಪಾಲು ಜನ ಯಾರಿಗೂ ತೊಂದರೆ ಕೊಡುವುದಿಲ್ಲ. ಪರರ ಹಿಂಸೆಗೆ, ಅಪಹಾಸ್ಯಕ್ಕೆ ಅವರೇ ಗುರಿಯಾಗುವುದು ಹೆಚ್ಚು.

ಆರೈಕೆ ಮಾಡುವವರ ಆರೈಕೆ

ಈ ಎಲ್ಲ ಭಾರ ಬಹಳ ಮನೆಗಳಲ್ಲಿ ತಾಯಿಯ ಅಥವಾ ಹೆಂಡತಿಯ ಹೆಗಲಿಗೇ ಬೀಳುತ್ತದೆ. "ನನ್ನ ನಂತರ ಇವನ ಗತಿಯೇನು?" ಎಂಬುದು ವಯಸ್ಸಾದ ತಾಯಂದಿರ ರಾತ್ರಿಯ ಚಿಂತೆ. ಉಳಿದ ಮಕ್ಕಳು ಈಗಿನಿಂದಲೇ ಪಾಳಿ ಹಂಚಿಕೊಳ್ಳಬೇಕು. ಮಾತ್ರೆಯ ಹೆಸರು, ವೈದ್ಯರ ಚೀಟಿ, ಪ್ರಮಾಣಪತ್ರಗಳು ಎಲ್ಲಿವೆಯೆಂಬುದು ಮನೆಯ ಇಬ್ಬರಿಗಾದರೂ ತಿಳಿದಿರಬೇಕು. ತಾಯಿ ಮದುವೆ, ಜಾತ್ರೆಗಳಿಗೆ ಹೋಗಿಬರಲು ಆ ದಿನ ಇನ್ನೊಬ್ಬರು ಮನೆಯಲ್ಲಿ ನಿಲ್ಲಬೇಕು. ಇದೂ ಚಿಕಿತ್ಸೆಯ ಭಾಗವೇ.

ಊರಿನವರು ಮಾಡಬಹುದಾದುದೂ ಇದೆ. ಚೇತರಿಸಿಕೊಂಡವರನ್ನು ಶುಭಕಾರ್ಯಗಳಿಗೆ ಮನೆಯವರೊಡನೆ ಕರೆಯಬೇಕು. ಅಂಗಡಿ, ತೋಟ, ನರ್ಸರಿಗಳಲ್ಲಿ ಅರ್ಧ ದಿನದ ಕೆಲಸವನ್ನಾದರೂ ಕೊಡಬೇಕು. ಜಾತ್ರೆಯ ದಾಸೋಹದಲ್ಲಿ ಎಲೆ ಹಾಕುವ, ನೀರು ಬಡಿಸುವ ಸಾಲಿನಲ್ಲಿ ಅವರಿಗೊಂದು ಸ್ಥಾನವಿರಬೇಕು. ಚಿಕಿತ್ಸೆ ಪಡೆದವರಲ್ಲಿ ಕನಿಷ್ಠ ಮೂವರಲ್ಲಿ ಒಬ್ಬರು ಪೂರ್ಣವಾಗಿ ಗುಣಹೊಂದಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದವರಲ್ಲಿ ಅನೇಕರು ಔಷಧದ ಆಸರೆಯಿಂದ ತಕ್ಕಮಟ್ಟಿಗೆ ದುಡಿದು ಬಾಳಬಲ್ಲರು. ನಿಮ್ಮ ಓಣಿಯಲ್ಲಿ ಅಂಥವರೊಬ್ಬರಿದ್ದರೆ ನಾಳೆ ಅವರ ಮನೆಯ ಮುಂದೆ ಹಾಯುವಾಗ ಹೆಸರು ಹಿಡಿದು ಕರೆದು, ಊಟವಾಯಿತೇ ಎಂದು ಕೇಳಿರಿ. ಉತ್ತರ ಬಾರದಿದ್ದರೆ ಬೇಸರಿಸದೆ ಮರುದಿನವೂ ಕೇಳಿರಿ.